ಆನೆಗೊಂದಿ ದಂಡೆಯಲ್ಲಿ ಗುಂಡ, ಚುಕ್ಕಿ ಮತ್ತು ನಾವು

ನಾಯಿ ಕರ್ಕೊಂಡು ಹಂಪಿ ಕಡೆ ಹೋಗ್ತೀವಿ ಅಂದಾಗ ಬಳ್ಳಾರಿಯ ನಮ್ಮ ಓಣಿಯಲ್ಲಿ ನಕ್ಕವರೇ ಜಾಸ್ತಿ. ಅವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ಸಂರಕ್ಷಿತ ಸ್ಮಾರಕದ ಆವರಣಕ್ಕೆ ಪ್ರಾಣಿ ತರೋ ಹಾಗಿಲ್ಲ ಅಂತ 1959ರ ನಿಯಮಗಳಲ್ಲೇ ಇದೆ. ವಿಠ್ಠಲ ದೇವಸ್ಥಾನದ ಗೇಟಿನಲ್ಲಿ ನಾವು ಟಿಕೆಟ್ ಹಿಡಿದು ನಿಂತರೂ ಗುಂಡನಿಗೆ ಒಳಗೆ ಜಾಗ ಇಲ್ಲ. ಅದಕ್ಕೇ ಹಂಪಿ ಬಿಟ್ಟೆವು. ಹೊಳೆಯ ಆ ಕಡೆ ದಂಡೆ, ಕೊಪ್ಪಳ ಜಿಲ್ಲೆಯ ಆನೆಗೊಂದಿಗೆ ಹೊರಟೆವು.

1336ರಲ್ಲಿ ವಿಜಯನಗರ ಹುಟ್ಟಿತು ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಅದಕ್ಕೂ ಮೊದಲೇ ಕೋಟೆ ಕಟ್ಟಿಕೊಂಡು ಕೂತಿದ್ದ ಊರು ಇದು. ಹಳೆಯ ಪಟ್ಟಣದ ಮೇಲೇ ಇವತ್ತಿನ ಊರು ಇದೆ. ಕೋಟೆ ಬಾಗಿಲು ದಾಟಿದರೆ ಎಮ್ಮೆ, ನಲ್ಲಿ, ರಂಗೋಲಿ, ರಾಶಿ ಹಾಕಿದ ಭತ್ತದ ಹುಲ್ಲು. ಟಿಕೆಟ್ ಕೌಂಟರ್ ಇಲ್ಲದ ದಾರಿ ಬೇಕಾದಷ್ಟು. ನಾಯಿ ಜೊತೆ ನಡೆಯೋರಿಗೆ ತುಂಗಭದ್ರೆಯ ದಂಡೆಯಲ್ಲಿ ಇದಕ್ಕಿಂತ ಒಳ್ಳೆ ಹಳೇ ಪಟ್ಟಣ ಇಲ್ಲ ಅನ್ನೋದು ನನ್ನ ಲೆಕ್ಕ.

ನಮ್ಮ ತಂಡದ ಪರಿಚಯ ಮಾಡಿಬಿಡ್ತೀನಿ. ಗುಂಡ ಕಪ್ಪು ಲ್ಯಾಬ್ರಡಾರ್, ತೂಕ 40 ಕೆ.ಜಿ., ಸೋಮಾರಿ. ಚುಕ್ಕಿ ನಮ್ಮ ಓಣಿಯ ಗಟಾರದ ಪಕ್ಕದಿಂದ ಮನೆಗೆ ಬಂದವಳು. ಕೆಂಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ಜಗಳಕ್ಕೆ ಸದಾ ತಯಾರು. ಜೊತೆಗೆ ನಾನು, ನಮ್ಮನೆಯವರು.

ಮೊದಲ ದಿನ

ಜನವರಿ ಚಳಿಯಲ್ಲಿ ಬೆಳಕು ಹರಿಯೋ ಮೊದಲೇ ಬಳ್ಳಾರಿ ಬಿಟ್ಟೆವು. ಕಂಪ್ಲಿ ಸೇತುವೆ ಮೇಲೆ ಮಂಜು ಹಾಗೇ ನಿಂತಿತ್ತು. ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಈ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದ್ ಆಗುತ್ತೆ. ಮಳೆಗಾಲದಲ್ಲಿ ಹೊರಡೋರು ಒಂದು ಫೋನ್ ಮಾಡಿ ಕೇಳ್ಕೊಂಡೇ ಹೊರಡಬೇಕು. ಸೇತುವೆ ದಾಟಿದ ಮೇಲೆ ಎರಡೂ ಕಡೆ ಗದ್ದೆ. ಎರಡನೇ ಬೆಳೆಯ ನಾಟಿ ನಡೀತಿತ್ತು. ಕೆಸರಿನ ವಾಸನೆಗೆ ಚುಕ್ಕಿ ಕಿಟಕಿಯಿಂದ ಮೂತಿ ಒಳಗೆ ತೆಗೀಲೇ ಇಲ್ಲ.

ಗಂಗಾವತಿಯಲ್ಲಿ ಒಗ್ಗರಣಿ ಮಿರ್ಚಿ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೆಂಗಳೂರು ಕಡೆಯವರಿಗೆ ಹೇಳ್ತೀನಿ: ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಟೊಮೆಟೊ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸ್ತಾರೆ. ಪಕ್ಕದಲ್ಲಿ ಬಿಸಿ ಮಿರ್ಚಿ ಇಲ್ಲದಿದ್ದರೆ ಅದು ತಿಂಡಿಯೇ ಅಲ್ಲ. ಹೋಟೆಲ್ಲಿನ ಹುಡುಗ ಗುಂಡನಿಗೂ ಒಂದು ತಟ್ಟೆ ತಂದ. ಈರುಳ್ಳಿ ನಾಯಿಗೆ ಆಗಲ್ಲಪ್ಪ, ರಕ್ತ ಕೆಡುತ್ತೆ ಅಂದೆ. ಅವನಿಗೆ ಅದು ಹೊಸ ಸುದ್ದಿ. "ನಮ್ಮೂರ ನಾಯಿ ಎಲ್ಲಾ ತಿಂತಾವಲ್ರೀ ಅಕ್ಕಾ" ಅಂದ. ಆದರೂ ಒಳಗೆ ಹೋಗಿ ಒಣ ಮಂಡಕ್ಕಿ ಒಂದು ಬೊಗಸೆ ತಂದ. ಮಂಡಕ್ಕಿ ಗಾಳಿಗೆ ಹಾರ್ತಿತ್ತು, ಗುಂಡ ಅದರ ಹಿಂದೆ ನಾಲಿಗೆ ಚಾಚಿಕೊಂಡು ರಸ್ತೆ ಒರೆಸ್ತಿದ್ದ.

ರೂಮಿನ ಕಥೆ ಚಿಕ್ಕದು. ನಾಯಿ ಅಂದ ಕೂಡ್ಲೇ ಫೋನ್ ಇಟ್ಟವರು ಹಲವರು. ಕೊನೆಗೆ ಆನೆಗೊಂದಿಯಲ್ಲೇ ಹಿತ್ತಲಿರೋ ಒಂದು ಮನೆಯವರು, "ಎಮ್ಮಿ ಕಟ್ಟೋ ಜಾಗ ಖಾಲಿ ಐತಿ, ಬರ್ರಿ" ಅಂದರು. ಎಮ್ಮೆ ಜಾಗ ನಾಯಿಗಳಿಗೆ ಅಂತ ತಿಳ್ಕೊಂಡಿದ್ದೆವು. ಹೋಗಿ ನೋಡಿದರೆ ಅದು ನಮ್ಮ ಕಾರಿಗೆ. ನಾಯಿಗಳಿಗೆ ಪಡಸಾಲೆ.

ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಇಲ್ಲಿ ನಾಯಿ ನಡೆಸೋ ಮಾತೇ ಬೇಡ. ಜನವರಿಯಲ್ಲೂ ಬೇಡ. ಸುತ್ತ ಎಲ್ಲಾ ಬಂಡೆ. ಗಾಳಿ ತಂಪಾಗಿದ್ದರೂ ಕಲ್ಲು ಕಾದಿರುತ್ತೆ, ನಮಗೆ ಚಪ್ಪಲಿ ಇರೋದರಿಂದ ಗೊತ್ತಾಗಲ್ಲ. ಅಂಗೈಯ ಹಿಂಬದಿಯನ್ನು ಕಲ್ಲಿನ ಮೇಲೆ ಇಟ್ಟು ಐದಾರು ಸೆಕೆಂಡು ಸುಮ್ನೆ ಹಿಡೀರಿ. ಹಿಡಿಯೋಕೆ ಆಗದಿದ್ದರೆ ನಾಯಿ ಪಾದಕ್ಕೂ ಆಗಲ್ಲ. ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಬಿದ್ದುಕೊಂಡೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ನಮಗೆ. ಅನ್ನ ಮಜ್ಜಿಗೆ ಅವುಗಳಿಗೆ.

ಸಂಜೆ ಊರು ಸುತ್ತೋಕೆ ಹೊರಟೆವು. ಗಗನ ಮಹಲಿನ ಮುಂದೆ ಆಡ್ತಿದ್ದ ಹುಡುಗರು ಆಟ ಬಿಟ್ಟು ಓಡಿ ಬಂದರು. "ಇದು ನಾಯೋ ಕರಡ್ಯೋ?" ಅಂತ ಒಬ್ಬನ ಪ್ರಶ್ನೆ. ಈ ಗುಡ್ಡಗಳಲ್ಲಿ ಕರಡಿ ನಿಜಕ್ಕೂ ಇವೆ, ಹಾಗಾಗಿ ಅವನು ತಮಾಷೆಗೆ ಕೇಳಿದ್ದಲ್ಲ. ಊರೆಲ್ಲ ಹೀಗೇ ಆಯಿತು. ನೀವು ಎಲ್ಲಿಯವರು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ನಾಯಿ ಯಾವೂರಿದು, ಏನು ತಿಂತದ, ಎಷ್ಟು ಕೊಟ್ರಿ, ಕಡಿತದೇನು, ಇಷ್ಟೇ.

ರಂಗನಾಥನ ಗುಡಿಯ ತೇರು ಬೀದಿಯವರೆಗೂ ಸುಖವಾಗಿ ನಡೆದೆವು. ಅಲ್ಲಿಂದ ಮುಂದೆ ಊರ ನಾಯಿಗಳ ರಾಜ್ಯ. ಒಂದೊಂದು ಓಣಿಗೆ ಒಂದೊಂದು ಗುಂಪು, ಮೂಲೆ ಮೂಲೆಗೂ ಗಡಿ. ಜೊತೆಗೆ ಬಂದ ಹುಡುಗನಿಗೆ ಗಡಿಗಳೆಲ್ಲ ಬಾಯಿಪಾಠ. "ಅಕ್ಕಾ, ಈ ಟ್ರಾಕ್ಟರ್ ತನಕಾ ಬಿಳಿಯಂದು. ಆ ಕಟ್ಟಿ ದಾಟಿದ್ರ ಮೊಂಡಬಾಲದ್ದು. ಅದು ಭಾಳ ಜೋರ್ ಐತಿ" ಅಂತ ವಿವರಿಸಿದ. ಅವನ ಉಪಾಯ ಪಾರ್ಲೆ-ಜಿ. ಗಡಿಗೆ ಬಂದಾಗ ನಾಲ್ಕು ಬಿಸ್ಕತ್ತು ದೂರಕ್ಕೆ ಎಸೀಬೇಕು, ಅವು ಆ ಕಡೆ ಓಡಿದಾಗ ನಾವು ಈ ಕಡೆ ದಾಟಬೇಕು. ಹೊಳೆಯಾಚೆ ತಳವಾರಘಟ್ಟದ ಬಾಗಿಲಲ್ಲಿ ವಿಜಯನಗರದವರು ಸುಂಕ ವಸೂಲಿ ಮಾಡ್ತಿದ್ದರಂತೆ, ಆ ಕೆಲಸವನ್ನು ಈಚೆ ದಂಡೆಯಲ್ಲಿ ಈಗ ಇವು ವಹಿಸಿಕೊಂಡ ಹಾಗಿತ್ತು. ಚುಕ್ಕಿಗೆ ಈ ವ್ಯವಸ್ಥೆ ಒಪ್ಪಿಗೆಯಾಗಲಿಲ್ಲ. ಬಿಸ್ಕತ್ತು ನನ್ನದು ಅನ್ನೋದು ಅವಳ ವಾದ. ಹಗ್ಗ ಎಳೆದೂ ಎಳೆದೂ ನನ್ನ ಅಂಗೈ ಕೆಂಪಾಯಿತು.

ಹೊರಡೋ ಮೊದಲೇ ಎರಡಕ್ಕೂ ರೇಬೀಸ್ ಸೇರಿ ಎಲ್ಲಾ ಲಸಿಕೆ ಮುಗಿಸಿದ್ದೆವು. ಇಂಥ ಊರಿಗೆ ಅದಿಲ್ಲದೆ ಬರಲೇಬಾರದು.

ಕತ್ತಲಾಗ್ತಿದ್ದ ಹಾಗೆ ಮನೆಯ ಯಜಮಾನರು ಬಾಗಿಲಲ್ಲೇ ಕಾಯ್ತಿದ್ದರು. "ದೀಪ ಹಚ್ಚೋ ಹೊತ್ತಿಗೆ ನಾಯಿ ಒಳಗ ಇರಬೇಕ್ರಿ. ಚಿರತಿಗೆ ನಾಯಿ ಅಂದ್ರ ಭಾಳ ಪ್ರೀತಿ." 2020ರಲ್ಲಿ ಈ ಸುತ್ತಿನ ಗುಡ್ಡಗಳಲ್ಲಿ ಚಿರತೆ ಕಾಟ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ರಾತ್ರಿ ಹಿತ್ತಲಿಗೂ ಬಿಡಲಿಲ್ಲ. ಗುಂಡ ಗೊರಕೆ ಹೊಡೆದ. ಚುಕ್ಕಿ ಮಾತ್ರ ಬಾಗಿಲ ಸಂದಿಗೆ ಮೂಗಿಟ್ಟು ಮಲಗಿದ್ದಳು.

ಎರಡನೇ ದಿನ

ಬೆಳಗ್ಗೆ ಬಿಸಿಲು ಚೆನ್ನಾಗಿ ಬಿದ್ದ ಮೇಲೇ ಹೊಳೆ ಕಡೆ ಇಳಿದೆವು. ಬಾಳೆ ತೋಟದ ಪಕ್ಕದ ಕಾಲುದಾರಿ. ಪಕ್ಕದಲ್ಲೇ ಕಾಲುವೆ ಹರೀತಿತ್ತು. ವಿಜಯನಗರದ ಕಾಲದವರು ತೋಡಿದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಈ ಭಾಗದಲ್ಲಿ ಗದ್ದೆಗೆ ನೀರು ಕೊಡ್ತಿವೆ. ನನಗೆ ಇಲ್ಲಿ ಗುಡಿಗಿಂತ ದೊಡ್ಡ ಸ್ಮಾರಕ ಇದೇ ಅನಿಸುತ್ತೆ. ಈ ಸ್ಮಾರಕದೊಳಗೆ ಗುಂಡನೂ ಹೋಗಬಹುದು, ಹೋದ ಕೂಡ.

ಹುಚ್ಚಪ್ಪಯ್ಯನ ಮಠದ ಹತ್ರ ಸರದಿ ಮಾಡಿಕೊಂಡೆವು. ಒಬ್ಬರು ಒಳಗೆ, ಒಬ್ಬರು ಹೊರಗೆ ನಾಯಿ ಹಿಡಿದು. ನಾನು ಮೊದಲು ಹೋದೆ. ಒಳಗಿನ ಕಪ್ಪು ಕಂಬಗಳು ಕಡೆದು ನಯ ಮಾಡಿದವು, ಚಾಲುಕ್ಯರ ಶೈಲಿ. ಬಳೆ ಜೋಡಿಸಿದಷ್ಟು ಸಣ್ಣ ಸಣ್ಣ ಸುತ್ತು ಕೆತ್ತಿದ್ದಾರೆ, ಬೆರಳಿಟ್ಟರೆ ಜಾರುತ್ತೆ. ಛಾವಣಿಯ ಚಿತ್ರಗಳು ಮಾಸಿವೆ.

ಅವರು ಒಳಗೆ ಹೋದಾಗ ನಾನು ಹುಣಸೆ ನೆರಳಲ್ಲಿ ಕೂತೆ. ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು, ಈಗ ನಾಯಿ ಅಂದರೆ ಫೋನ್ ಇಡ್ತಾರಲ್ಲ ಅಂತ ಯೋಚನೆ ಬಂತು. ಕ್ರಿ.ಶ. 949-50ರ ಆತಕೂರು ಶಾಸನದ ಕಥೆ ನಿಮಗೂ ಗೊತ್ತಿರಬಹುದು. ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿ. ಆಮೇಲೆ ಒಂದು ಹಂದಿಯ ಜೊತೆ ಕಾದಾಡಿ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆ ಮಾಡೋ ಗೊರವನಿಗೆ ಭೂಮಿಯನ್ನೂ ಬಿಟ್ಟುಕೊಟ್ಟರು. ಇದನ್ನೆಲ್ಲ ಗುಂಡನಿಗೆ ಹೇಳಿದೆ. ಅವನು ಆಗ ಒಂದು ಕೋಳಿಗೆ ಹೆದರಿ ನನ್ನ ಕಾಲ ಹಿಂದೆ ನಿಂತಿದ್ದ.

ಹೊಳೆ ಹತ್ತಿರವಾದಷ್ಟೂ ಬಂಡೆ ಜಾಸ್ತಿ. 64 ಕಂಬದ ಮಂಟಪ ಆವತ್ತು ನೀರಿಂದ ಹೊರಗಿತ್ತು. ಇದನ್ನೇ ಕೃಷ್ಣದೇವರಾಯನ ಸಮಾಧಿ ಅಂತ ಜನ ಹೇಳ್ತಾರೆ. ಡ್ಯಾಮಿನಿಂದ ಜೋರಾಗಿ ನೀರು ಬಂದರೆ ಮಂಟಪ ಮುಳುಗುತ್ತೆ, ಟಿವಿಯವರು ಪ್ರತಿ ಸಲ ಅದನ್ನೇ ತೋರಿಸ್ತಾರೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ಕಿತ್ತು ಕೊಚ್ಚಿಹೋಯಿತಲ್ಲ, ಆ ದಿನಗಳ ಮಾತು ಇಲ್ಲಿ ಯಾರನ್ನು ಮಾತಾಡಿಸಿದರೂ ಬರುತ್ತೆ.

ದಂಡೆಯಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ ಮೀನುಗಾರರೊಬ್ಬರು ನಮ್ಮನ್ನು ನೋಡಿದ ಕೂಡ್ಲೇ ಕೂಗಿದರು. "ಅಣ್ಣಾರ, ನಾಯಿ ನೀರಿಗೆ ಬಿಡಬ್ಯಾಡ್ರಿ. ಮೊಸಳಿ ಅದಾವ." ಗುಂಡ ನೀರು ಕಂಡರೆ ಬಿಡೋನಲ್ಲ. ಹಗ್ಗ ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡೆವು. ಕುಡಿಯೋಕೆ ಬಾಟಲಿ ನೀರೇ ಕೊಟ್ಟೆವು.

ನಾವು ಮೊಸಳೆ ಹುಡುಕ್ತಾ ನಿಂತಿದ್ದಾಗ ಚುಕ್ಕಿಗೆ ಬೇರೇನೋ ಸಿಕ್ಕಿತು. ಬಂಡೆಯೊಂದರ ತಲೆಯ ಮೇಲೆ ಮೂಗು ಊರಿ ನಿಂತವಳು, ನೋಡ ನೋಡುತ್ತಲೇ ಭುಜ ಕೆಳಗೆ ಹಾಕಿ, ನಾಲ್ಕೂ ಕಾಲು ಮೇಲೆ ಮಾಡಿ ಹೊರಳಿಯೇಬಿಟ್ಟಳು. ಎಳೆದು ನಿಲ್ಲಿಸೋ ಹೊತ್ತಿಗೆ ಕತ್ತಿನಿಂದ ಬಾಲದವರೆಗೆ ಬಳಕೊಂಡಿತ್ತು. ವಾಸನೆ ಅಂದ್ರೆ ಅಂಥಿಂಥ ವಾಸನೆಯಲ್ಲ. ಮೂರು ದಿನದ ಮೀನು ಕಾರಲ್ಲಿ ಮರೆತು ಬಿಟ್ಟರೂ ಇಷ್ಟು ಬರಲಿಕ್ಕಿಲ್ಲ. ಅವಳ ಕೂದಲಿಗೆ ಅಂಟಿದ್ದರ ತುಂಬ ಮೀನಿನ ಹುರುಪೆ, ಬಿಸಿಲಿಗೆ ಮಿಂಚುತ್ತಿದ್ದವು. ನಡುವೆ ಸೂಜಿಯಷ್ಟು ಸಣ್ಣ ಮುಳ್ಳು.

ಮೀನುಗಾರರು ನಗುತ್ತಾ ಎದ್ದು ಬಂದರು. "ನೀರ್ನಾಯಿದ್ರಿ ಅದು. ದಿನಾ ಇದ ಬಂಡಿ ಮ್ಯಾಲ ಬಂದು ಹಾಕಿ ಹೋಗ್ತಾವ. ನಮ್ಮ ಬಲಿ ಹರಿಯೋದೂ ಅವ." ಹೊಲಿಯುತ್ತಿದ್ದ ತೂತನ್ನು ಎತ್ತಿ ತೋರಿಸಿದರು, ಒಂದು ಕೈ ಆರಾಮಾಗಿ ಹೋಗುವಷ್ಟಿತ್ತು. ಸಿಟ್ಟಿಲ್ವಾ ಅಂದೆ. "ಸಿಟ್ಟು ಇರ್ತದ. ಆದರ ಅವು ಇದ್ದಲ್ಲೆ ಮೀನಾ ಇರ್ತಾವಲ್ಲ" ಅಂದರು.

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಅಂತ ಘೋಷಿಸಿದ್ದಾರೆ. ನೀರುನಾಯಿಗೇ ಅಂತ ಇಂಥ ಪ್ರದೇಶ ದೇಶದಲ್ಲಿ ಮೊದಲು ಆಗಿದ್ದು ಇಲ್ಲೇ. ನಮ್ಮ ನಾಯಿಗಳ ಡಿಸ್ಟೆಂಪರ್ ರೋಗ ನೀರುನಾಯಿಗಳಿಗೂ ಬರಬಲ್ಲದು. ಲಸಿಕೆ ಹಾಕಿಸದ ನಾಯಿಯನ್ನು ಈ ದಂಡೆಗೆ ತರೋದು ಅವುಗಳಿಗೂ ಅಪಾಯ, ಹಗ್ಗ ಬಿಚ್ಚಿ ಬಿಡೋದಂತೂ ಬೇಡವೇ ಬೇಡ. ಒಂದಾದರೂ ಕಾಣಬಹುದು ಅಂತ ಬಂಡೆಯಿಂದ ದೂರ ಸರಿದು ತುಂಬ ಹೊತ್ತು ಕೂತೆವು. ಕಾಣಲಿಲ್ಲ. ವಾಸನೆ ಮಾತ್ರ ನಮ್ಮ ಜೊತೆಗೇ ಇತ್ತು.

ಚುಕ್ಕಿಗೆ ಸ್ನಾನ ಆಗಿದ್ದು ಬಟ್ಟೆ ಒಗೀತಿದ್ದ ಹೆಂಗಸರ ದಯೆಯಿಂದ. ನೀರಿಗೆ ಇಳಿಸದೆ ಬಕೆಟ್ಟಿನಲ್ಲಿ ಮೊಗೆದು ಕೊಟ್ಟರು. ಒಬ್ಬಾಕೆ ಸೀಗೆಪುಡಿ ಕೊಟ್ಟಳು, ಇನ್ನೊಬ್ಬಾಕೆ ಸಲಹೆ ಕೊಟ್ಟಳು: "ಹುಣಸಿಹಣ್ಣು ಹಚ್ರೀ, ಮೀನಿನ ವಾಸನಿ ಹೋಗ್ತದ." ಮನೆಗೆ ಹೋಗಿ ಅದನ್ನೂ ಹಚ್ಚಿದೆವು. ಅರ್ಧ ಹೋಯಿತು.

ಸಂಜೆ ಆನೆಗೊಂದಿಯದೇ ಚಿಂತಾಮಣಿ ಗುಡಿ ಕಡೆ. ರಾಮ ಇಲ್ಲಿಂದಲೇ ವಾಲಿಗೆ ಬಾಣ ಬಿಟ್ಟ ಅಂತಾರೆ. ಗುಡಿಯೊಳಗೆ ಮತ್ತೆ ಸರದಿ. ದಾರಿಯಲ್ಲಿ ಗುಂಡ ಇದ್ದಕ್ಕಿದ್ದಂತೆ ಮುಂಗಾಲು ಎತ್ತಿ ನಿಂತ. ಬಳ್ಳಾರಿ ಜಾಲಿಯ ಮುಳ್ಳು! ನಮ್ಮೂರ ಹೆಸರು ಹೊತ್ತ ಗಿಡ ನಮ್ಮ ನಾಯಿಯನ್ನೇ ಹಿಡಿದಿತ್ತು. ಪಾದದ ಮೆತ್ತೆಯಲ್ಲಿ ಮುರಿದು ಒಳಗೆ ಕೂತಿತ್ತು, ಉಗುರಿಗೆ ಸಿಗ್ತಿರಲಿಲ್ಲ. 40 ಕೆ.ಜಿ. ಎತ್ತಿಕೊಂಡು ಹೋಗೋಕೆ ಆಗುತ್ತಾ? ಪೆಟ್ಟಿಗೆ ಅಂಗಡಿಯ ಅಜ್ಜಿ ಕೂತಲ್ಲಿಂದಲೇ ಕರೆದಳು. "ಇಲ್ಲಿ ತಾ ಯವ್ವಾ ಅದನ್ನ." ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. ಗುಂಡನ ಕಾಲನ್ನು ತನ್ನ ತೊಡೆ ಮೇಲೆ ಇಟ್ಟುಕೊಂಡು, ಮೊದಲು ಎಂಜಲು ಹಚ್ಚಿ ಒರೆಸಿದಳು. ಕಪ್ಪು ಚುಕ್ಕೆ ಕಂಡಿತು. ಅದರ ಸುತ್ತ ಚರ್ಮವನ್ನು ಪಿನ್ನಿನಿಂದ ಎಳೆ ಎಳೆಯಾಗಿ ಬಿಡಿಸಿ, ಹೆಬ್ಬೆರಳಿನಿಂದ ಒತ್ತಿದಳು. ಮುಳ್ಳು ತಾನೇ ತಲೆ ಎತ್ತಿತು. ಗುಂಡ ಒಂದು ಸಲ ಮಾತ್ರ ಕುಂಯ್ ಅಂದ. ಕೊಬ್ಬರಿ ಎಣ್ಣೆ ಸವರಿ, "ನನ್ನ ಮೊಮ್ಮಗ ಇದಕ್ಕಿಂತ ಜಾಸ್ತಿ ಅಳ್ತಾನ" ಅಂದಳು. ದುಡ್ಡು ತಗೊಳ್ಳಲಿಲ್ಲ. ನಾವು ನಾಚಿಕೆಗೆ ಆಕೆಯ ಅಂಗಡಿಯ ಶೇಂಗಾ ಚಿಕ್ಕಿ ಜಾಸ್ತಿಯೇ ಕೊಂಡೆವು. ಮುಳ್ಳು ತೆಗೆಯೋ ಚಿಮಟ ಈಗ ಕಾರಿನಲ್ಲೇ ಇದೆ.

ಮೂರನೇ ದಿನ

ಅಂಜನಾದ್ರಿ ಬೆಟ್ಟಕ್ಕೆ ನಾಯಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. 500ಕ್ಕೂ ಜಾಸ್ತಿ ಮೆಟ್ಟಿಲು, ಮೆಟ್ಟಿಲಿಗೊಂದು ಮಂಗ. ಹನುಮಂತ ಹುಟ್ಟಿದ ಬೆಟ್ಟದಲ್ಲಿ ಚುಕ್ಕಿ ಮಂಗಗಳ ಜೊತೆ ಜಗಳ ಆಡಿದರೆ ಊರವರ ಮುಖ ನೋಡೋದು ಹೇಗೆ? ದೂರದಿಂದಲೇ ಕೈ ಮುಗಿದೆವು.

ಬದಲಿಗೆ ಹರಿಗೋಲು ಹತ್ತೋಣ ಅಂತ ಘಾಟಿಗೆ ಬಂದೆವು. ನವಬೃಂದಾವನಕ್ಕೆ ಹೋಗೋ ಯಾತ್ರಿಕರ ಗುಂಪು ಆಗಲೇ ಸಾಲು ನಿಂತಿತ್ತು. ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ಒಂಬತ್ತು ಬೃಂದಾವನಗಳಿವೆ, ನಡುವೆ ವ್ಯಾಸರಾಯರದ್ದು. ಅಲ್ಲಿ ಮಡಿ, ನಾಯಿಗೆ ದೂರ. ನಮ್ಮನೆಯವರು ಒಬ್ಬರೇ ಹೋಗಿ ಬಂದರು. ಅಷ್ಟು ಹೊತ್ತು ನಾನು, ಗುಂಡ, ಚುಕ್ಕಿ ಘಾಟಿನ ಮೆಟ್ಟಿಲ ಮೇಲೆ. ಮಡಿಯಲ್ಲಿದ್ದ ಒಬ್ಬ ಅಜ್ಜಿ ಮುಟ್ಟದೆ, ಮಾರು ದೂರದಿಂದಲೇ, ಗುಂಡನ ಜೊತೆ ತುಂಬ ಹೊತ್ತು ಮಾತಾಡಿದರು. ಅವರ ಮನೆಯಲ್ಲೂ ಹಿಂದೆ ಕರಿ ನಾಯಿ ಇತ್ತಂತೆ.

ಆಮೇಲೆ ಆಚೆ ತಳವಾರಘಟ್ಟದವರೆಗೆ ಹೋಗಿ ಬರೋ ಮಾತಾಯಿತು. ಅಂಬಿಗರು ಮೊದಲು ಒಪ್ಪಲಿಲ್ಲ. ಕಾರಣ ಭಯ ಅಲ್ಲ, ಉಗುರು. ಹರಿಗೋಲನ್ನು ಹತ್ತಿರದಿಂದ ನೋಡಿದರೆ ಅದು ಬಿದಿರಿನ ಹೆಣಿಗೆ ಅಷ್ಟೇ. ಹೊರಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದಿರ್ತಾರೆ. ಒಳಗಿಂದ ನಾಯಿ ಕೆರೆದರೆ ತೂತು. ಗೋಣಿಚೀಲ ಎರಡು ಮಡಿಕೆ ಹಾಸಿದ ಮೇಲೆ ಒಪ್ಪಿಗೆ ಸಿಕ್ಕಿತು. ನಾವು ಲೈಫ್ ಜಾಕೆಟ್ ಹಾಕಿಕೊಂಡೆವು, ಗುಂಡನಿಗೆ ನಾವೇ ತಂದ ಜಾಕೆಟ್ ಕಟ್ಟಿದೆವು.

1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ ಈ ದಾಟನ್ನು ವಿವರಿಸಿದ್ದಾನೆ. ಆಗ ಹೊರಗಡೆ ಚರ್ಮದ ಹೊದಿಕೆ, ಒಂದರಲ್ಲಿ 15-20 ಜನ. ಬೇಕಾದರೆ ಕುದುರೆ, ಎತ್ತನ್ನೂ ಇದರಲ್ಲೇ ದಾಟಿಸ್ತಿದ್ದರು, ಆದರೆ ಅವು ಹೆಚ್ಚಾಗಿ ಈಜಿಯೇ ಹೋಗ್ತಿದ್ದವು ಅಂತ ಬರೆದಿದ್ದಾನೆ. ಇದು ಸದಾ ಗಿರಗಿರ ತಿರುಗುತ್ತಲೇ ಇರುತ್ತೆ ಅನ್ನೋದನ್ನೂ ಬಿಟ್ಟಿಲ್ಲ. ತಿರುಗೋದು ನಿಜ. ಚುಕ್ಕಿ ಗೋಣಿಚೀಲಕ್ಕೆ ಹೊಟ್ಟೆ ಅಂಟಿಸಿ ಮಲಗಿ, ಕಣ್ಣು ಮುಚ್ಚಿಬಿಟ್ಟಳು. ಓಣಿಯಲ್ಲಿ ಹತ್ತು ನಾಯಿಗೆ ಹೆದರದವಳು! ಕೋಳಿಗೆ ಹೆದರಿದ್ದ ಗುಂಡ ಅಂಚಿಗೆ ಗದ್ದ ಇಟ್ಟು, ಕಿವಿ ಗಾಳಿಗೆ ಬಿಟ್ಟು ಕೂತ. ಹಳೇ ಕಲ್ಲುಸೇತುವೆಯ ಕಂಬಗಳು ನೀರಲ್ಲಿ ಸಾಲಾಗಿ ನಿಂತಿದ್ದು ಕಾಣುತ್ತಿತ್ತು. ಆನೆಗೊಂದಿಗೆ ಹೊಸ ಸೇತುವೆ ಕಟ್ಟೋಕೆ ಹೋಗಿ 2009ರಲ್ಲಿ ಅದು ಕುಸಿದು ಬಿದ್ದ ಕಥೆಯನ್ನು ಅಂಬಿಗರು ಹುಟ್ಟು ಹಾಕುತ್ತಲೇ ಹೇಳಿದರು. ಈಗ ವಾಹನಗಳೆಲ್ಲ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಮೇಲೆ ಸುತ್ತಿ ಬರ್ತವೆ.

ಮರಳಿ ಘಾಟಿಗೆ ಬಂದಾಗ ಲೆಕ್ಕ. ನಾಯಿಗೆ ಎಷ್ಟು ಅಂತ ಮೊದಲೇ ಕೇಳಿರಲಿಲ್ಲ. ಅಂಬಿಗರು ಗುಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಕೆಂಪಿಗೆ ಬ್ಯಾಡ ಅಕ್ಕಾರ, ಅದು ಮಕ್ಕೊಂಡಿತ್ತು. ಈ ಕರಿಯಂದು ಪೂರಾ ಟಿಕೀಟು. ಎರಡು ಮಂದಿ ಜಾಗಾ ಹಿಡಿದಾನ."

ಕೊಟ್ಟೆವು. ಚುಕ್ಕಿ ಒಂದೇ ನೆಗೆತಕ್ಕೆ ದಡ ಸೇರಿದಳು. ಗುಂಡ ಏಳಲಿಲ್ಲ. ಕರೆದೆವು, ಎಳೆದೆವು, ಚಿಕ್ಕಿ ತೋರಿಸಿದೆವು. ಅಂಚಿನಿಂದ ಗದ್ದ ತೆಗೀಲೇ ಇಲ್ಲ.

"ಇನ್ನೊಂದು ಸುತ್ತು ಬೇಕಂತ ಕಾಣ್ತದ" ಅಂದರು ಅಂಬಿಗರು, ಹುಟ್ಟನ್ನು ಮತ್ತೆ ಕೈಗೆ ತಗೊಳ್ಳುತ್ತಾ. "ಅದಕ್ಕ ಬ್ಯಾರೆ ರೊಕ್ಕ."